ಟಾರಿಗೂ ಮಣ್ಣಿಗೂ ಒಂದೇ ಟೈರ್: ನಿಮ್ಮ ಬೈಕಿಗೆ ಹೊಂದುವುದನ್ನು ಆರಿಸಿಕೊಳ್ಳುವುದು ಹೇಗೆ?

ಬೆಂಗಳೂರಿನಿಂದ ನಮ್ಮೂರಿಗೆ ಹೊರಟರೆ ತುಮಕೂರು, ಶಿವಮೊಗ್ಗ ದಾಟಿ ತೀರ್ಥಹಳ್ಳಿಯವರೆಗೆ ಸುಮಾರು 350 ಕಿಲೋಮೀಟರ್ ಟಾರು ರಸ್ತೆ. ಅಲ್ಲಿಂದ ಮುಂದೆ ಸ್ವಲ್ಪ ಕಾಂಕ್ರೀಟ್, ಕೊನೆಗೆ 6 ಕಿಲೋಮೀಟರ್ ಮಣ್ಣು ದಾರಿ. ಆ 6 ಕಿಲೋಮೀಟರ್ ನೆನೆಸಿಕೊಂಡು ನಾನು ನನ್ನ ಹಳೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿಗೆ ದೊಡ್ಡ ದೊಡ್ಡ ರಬ್ಬರ್ ಬ್ಲಾಕುಗಳ ಬಟನ್ ಟೈರ್ ಹಾಕಿಸಿದೆ. ಮಣ್ಣಿನಲ್ಲಿ ಗಾಡಿ ಸೊಗಸಾಗಿ ಹೋಯಿತು, ನಿಜ. ಆದರೆ ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಮಣ್ಣು ದಾರಿ ಶುರುವಾಗಲು ಇನ್ನೇನು 2 ಕಿಲೋಮೀಟರ್ ಇದೆ ಅನ್ನುವಾಗ, ಪಾಚಿ ಕಟ್ಟಿದ ಕಾಂಕ್ರೀಟ್ ಇಳಿಜಾರಿನಲ್ಲಿ ಮುಂದಿನ ಚಕ್ರ ಜಾರಿತು. ನಡೆದು ಹೋಗುವವರಿಗಿಂತ ಸ್ವಲ್ಪ ಜೋರಾಗಿದ್ದೆ, ಅಷ್ಟೇ. ಬ್ರೇಕ್ ಮುಟ್ಟಿದ್ದೂ ಸರಿಯಾಗಿ ನೆನಪಿಲ್ಲ. ಮೊಣಕಾಲು ಮೂರು ವಾರ ಊದಿಕೊಂಡಿತ್ತು. ಅದೇ ಜೋಡಿಯ ಹಿಂದಿನ ಟೈರ್ 6,000 ಕಿಲೋಮೀಟರಿಗೇ ನಡುವೆ ಚಪ್ಪಟೆಯಾಯಿತು. ಅದಕ್ಕೂ ಮೊದಲು ಇದ್ದ ಸಾಧಾರಣ ಟೈರ್ 14,000 ಓಡಿತ್ತು.

ಅಂದಿನಿಂದ ಟೈರ್ ವಿಷಯದಲ್ಲಿ ನನ್ನ ಲೆಕ್ಕ ಬದಲಾಗಿದೆ. ನೀವು ಹೋಗುವ ಅತಿ ಕಷ್ಟದ ದಾರಿಗೆ ಟೈರ್ ಆರಿಸಬೇಡಿ. ಮಳೆ ಸುರಿಯುವ ದಿನ ನೀವು ಜಾಸ್ತಿ ಹೊತ್ತು ಇರುವ ದಾರಿ ಯಾವುದೋ ಅದಕ್ಕೆ ಆರಿಸಿ. ಈ ಮಾರ್ಗದರ್ಶಿಯಲ್ಲಿ ಅದನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಮೊದಲು ನಿಮ್ಮ ಕಿಲೋಮೀಟರ್ ಲೆಕ್ಕ ಬರೆಯಿರಿ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಮೂರು ತಿಂಗಳಲ್ಲಿ ಎಲ್ಲೆಲ್ಲಿ ಓಡಿಸಿದಿರಿ ಎಂದು ಬರೆಯಿರಿ. ಒಣ ಟಾರು, ಒದ್ದೆ ಟಾರು, ಕಾಂಕ್ರೀಟ್, ಜಲ್ಲಿ, ಮಣ್ಣು, ಕೆಸರು ಹೀಗೆ ಬೇರೆ ಬೇರೆ ಸಾಲು. ಪ್ರತಿಯೊಂದಕ್ಕೂ ಅಂದಾಜು ಕಿಲೋಮೀಟರ್ ಹಾಕಿ. ಮುಂದೆ ಎಂದಾದರೂ ಹೋಗಬೇಕು ಅಂದುಕೊಂಡಿರುವ ಸ್ಪಿತಿ, ಲಡಾಖ್ ಇದರಲ್ಲಿ ಬರಬಾರದು. ಓಡಿಸಿದ್ದು ಮಾತ್ರ.

ನನ್ನ ಹಾಳೆಯಲ್ಲಿ ಬಂದಿದ್ದು ಇಷ್ಟು: ಒಟ್ಟು 3,200 ಕಿಲೋಮೀಟರ್. ಮಣ್ಣು, ಜಲ್ಲಿ ಎಲ್ಲಾ ಸೇರಿ 210. ಅಂದರೆ ನೂರಕ್ಕೆ ಏಳು ಕೂಡ ಇಲ್ಲ. ನಾನು ಮನಸ್ಸಿನಲ್ಲಿ ಅರ್ಧಕ್ಕರ್ಧ ಅಂದುಕೊಂಡಿದ್ದೆ! ಮಣ್ಣು ದಾರಿಯಲ್ಲಿ ಮೈಯೆಲ್ಲ ಎಚ್ಚರವಾಗಿರುತ್ತದೆ ಅಲ್ವಾ, ಹಾಗಾಗಿ ಅದೇ ಜಾಸ್ತಿ ನೆನಪಿರುತ್ತದೆ. ಹೆದ್ದಾರಿಯ ಗಂಟೆಗಳು ಮರೆತುಹೋಗುತ್ತವೆ.

ಹಂತ 2: ನಿಮ್ಮ ಮಣ್ಣು ಯಾವುದು?

ಆಫ್‌ರೋಡ್ ಅಂದಾಕ್ಷಣ ಎಲ್ಲ ಮಣ್ಣೂ ಒಂದೇ ಅಲ್ಲ. ಟೈರ್ ಕಂಪನಿಗಳ ಪುಸ್ತಕದಲ್ಲಿ ನಮ್ಮ ಮಣ್ಣುಗಳ ಹೆಸರು ಇರುವುದಿಲ್ಲ. ಅದನ್ನು ನಾವೇ ಸೇರಿಸಿಕೊಂಡು ಓದಬೇಕು.

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಒಣ ಕೆಂಪು ಮಣ್ಣು, ಬಂಡೆ, ಸಣ್ಣ ಜಲ್ಲಿ. ವರ್ಷದ ಬಹುಪಾಲು ನೆಲ ಗಟ್ಟಿ. ಇಲ್ಲಿ ತುಂಬಾ ಆಳದ ಬ್ಲಾಕ್ ಬೇಕಿಲ್ಲ. ಬದಿಯ ರಬ್ಬರ್ ಗಟ್ಟಿ ಇರುವುದು ಮುಖ್ಯ, ಯಾಕೆಂದರೆ ಚೂಪು ಕಲ್ಲು ಕತ್ತರಿಸುವುದು ಅಲ್ಲಿಯೇ.

ಕರಾವಳಿ, ಉತ್ತರ ಕನ್ನಡದ ಕಡೆ ಮುರಕಲ್ಲು. ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ ಸಣ್ಣ ಸಣ್ಣ ಉಂಡೆ ಕಲ್ಲುಗಳು ಹರಡಿರುತ್ತವೆ. ಗೋಲಿ ಹರವಿದ ಹಾಗೆ. ಎಂಥ ಟೈರೇ ಇರಲಿ, ಅದರ ಮೇಲೆ ಸ್ವಲ್ಪ ತೇಲಿದ ಹಾಗೇ ಆಗುತ್ತದೆ. ಒತ್ತಾಗಿರುವ ಮಧ್ಯಮ ಬ್ಲಾಕುಗಳು ಇಲ್ಲಿ ಒಳ್ಳೆಯವು. ದೂರ ದೂರ ನಿಂತ ದೊಡ್ಡ ಬ್ಲಾಕುಗಳಿಂದ ಅಂಥ ಲಾಭವಿಲ್ಲ.

ಗದಗ, ಧಾರವಾಡ, ವಿಜಯಪುರದ ಎರೆ ಮಣ್ಣಿನ ವಿಷಯವೇ ಬೇರೆ. ಒಣಗಿದಾಗ ಒಳ್ಳೆ ದಾರಿ. ಮಳೆ ಬಿದ್ದ ಅರ್ಧ ಗಂಟೆಗೆ ಅಂಟು. ರೋಣದ ಕಡೆಯ ಗೆಳೆಯರೊಬ್ಬರು ನನಗೆ ಮೊದಲೇ ಹೇಳಿದ್ದರು: "ಮಳಿ ಬಂದ್ರ ಎರಿಯೊಳಗ ಗಾಡಿ ಇಳಸಬ್ಯಾಡ್ರಿ." ಒಮ್ಮೆ ಇಳಿಸಿ ನೋಡಿದೆ. ನೂರು ಮೀಟರಿನೊಳಗೆ ಟೈರಿನ ಗೀರುಗಳೆಲ್ಲ ತುಂಬಿ ಚಕ್ರ ನುಣ್ಣಗಾಯಿತು. ಆಮೇಲೆ ಮಣ್ಣು ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ಕೂತು ಮುಂದಿನ ಚಕ್ರ ತಿರುಗುವುದೇ ನಿಂತುಹೋಯಿತು. ಜೋಳದ ದಂಟು ಮುರಿದುಕೊಂಡು ಕೆರೆದು ತೆಗೆಯಬೇಕಾಯಿತು. ಒದ್ದೆ ಎರೆಗೆ ಟೈರ್ ಪರಿಹಾರ ಅಲ್ಲ. ಕಾಯುವುದೇ ಪರಿಹಾರ. ಆ ಭಾಗದವರು ಇಡೀ ವರ್ಷಕ್ಕೆ ಬಟನ್ ಟೈರ್ ಹಾಕಿಕೊಂಡರೆ ದುಡ್ಡು ದಂಡ ಅಂತಲೇ ನನ್ನ ಅನಿಸಿಕೆ.

ಇನ್ನು ಮಲೆನಾಡು. ಕೆಂಪು ಜೇಡಿ, ತೋಟದ ದಾರಿಗಳಲ್ಲಿ ಟ್ರ್ಯಾಕ್ಟರ್ ಕೊರೆದ ಜಾಡು, ಅದರಲ್ಲಿ ನಿಂತ ನೀರು. ಇಲ್ಲಿ ಬ್ಲಾಕುಗಳಿಗೆ ನಿಜವಾದ ಕೆಲಸವಿದೆ. ಬ್ಲಾಕಿನ ಅಂಚು ಮೇಲಿನ ಜಾರು ಪದರ ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಚಕ್ರ ತಿರುಗುವಾಗ ಬ್ಲಾಕುಗಳ ನಡುವಿನ ಮಣ್ಣು ಎರಚಿ ಹೊರಗೆ ಹೋಗುತ್ತದೆ. ಈ ಜಾಗ ಕಿರಿದಾಗಿದ್ದರೆ ಮಣ್ಣು ಒಳಗೇ ಉಳಿದುಬಿಡುತ್ತದೆ.

ಆದರೆ ಮಲೆನಾಡಿನಲ್ಲೇ ಇನ್ನೊಂದು ನೆಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಪಾಚಿ ಕಟ್ಟಿದ ಕಾಂಕ್ರೀಟ್. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಆ ಸುತ್ತಿನ ಹಳ್ಳಿ ರಸ್ತೆಗಳ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಸಿಲು ಬೀಳುವುದೇ ಅಪರೂಪ. ಕಾಂಕ್ರೀಟಿನ ಒಳಗೆ ಬ್ಲಾಕಿನ ಅಂಚು ಇಳಿಯುವುದಿಲ್ಲ. ಅಲ್ಲಿ ಹಿಡಿತ ಕೊಡುವುದು ನೆಲಕ್ಕೆ ತಾಗಿರುವ ಮೆತ್ತನೆ ರಬ್ಬರ್ ಮಾತ್ರ. ಬಟನ್ ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಮ್ಮಿ. ಜೊತೆಗೆ ಎತ್ತರದ ಬ್ಲಾಕ್ ಪಕ್ಕಕ್ಕೆ ಬಾಗುತ್ತದೆ. ನಾನು ಬಿದ್ದದ್ದು ಹೀಗೆ. ಘಾಟಿಯ ಒದ್ದೆ ಟಾರಿಗೂ ಹೆಚ್ಚುಕಮ್ಮಿ ಇದೇ ಮಾತು.

ಹಂತ 3: 80/20, 50/50 ಅಂದರೆ ಏನು?

ಮೊದಲ ಸಂಖ್ಯೆ ಟಾರಿಗೆ, ಎರಡನೆಯದು ಮಣ್ಣಿಗೆ. 80/20 ಅಂದರೆ ಹೆಚ್ಚಾಗಿ ರಸ್ತೆ, ಸ್ವಲ್ಪ ಮಣ್ಣು. ಇದು ಯಾವುದೋ ಪ್ರಯೋಗಾಲಯದಲ್ಲಿ ಅಳೆದ ಅಳತೆಯಲ್ಲ, ತಯಾರಿಸಿದವರು ಕೊಡುವ ಅಂದಾಜು. ಒಂದು ಕಂಪನಿಯ 60/40 ಇನ್ನೊಂದರ 70/30ಕ್ಕಿಂತ ರಸ್ತೆಯಲ್ಲೇ ಚೆನ್ನಾಗಿರಬಹುದು. ಹಾಗಾಗಿ ಸಂಖ್ಯೆ ಓದಿ, ಆಮೇಲೆ ಟೈರನ್ನು ಕಣ್ಣಿಂದ ನೋಡಿ.

ನಡುವೆ ರಬ್ಬರ್ ಉದ್ದಕ್ಕೂ ಒತ್ತಾಗಿದ್ದು ಗೀರುಗಳು ಸಣ್ಣಗಿದ್ದರೆ ಅದು ರಸ್ತೆ ಕಡೆ ವಾಲಿದ ಟೈರ್. ಮೆಟ್ಜೆಲರ್ ಟೂರೆನ್ಸ್ ಈ ಜಾತಿಯದು. ಬ್ಲಾಕುಗಳು ಕಾಣುತ್ತವೆ, ಆದರೆ ಹತ್ತಿರ ಹತ್ತಿರ ಇವೆ ಅಂದರೆ ನಡುವಿನ ಜಾತಿ. ಕಂಪನಿಯಿಂದಲೇ ಹಲವು ಬೈಕುಗಳಿಗೆ ಬರುವ ಸಿಯೆಟ್ ಗ್ರಿಪ್ ಎಕ್ಸ್‌ಎಲ್, ಎಂಆರ್‌ಎಫ್ ಮೊಗ್ರಿಪ್ ಮೀಟಿಯೋರ್ ಇದಕ್ಕೆ ಸೇರುತ್ತವೆ. ಕಾಂಟಿನೆಂಟಲ್ ಟಿಕೆಸಿ 70 ಕೂಡ. ಪಿರೆಲ್ಲಿ ಸ್ಕಾರ್ಪಿಯನ್ ರ‍್ಯಾಲಿ ಎಸ್‌ಟಿಆರ್ ಇನ್ನೂ ಸ್ವಲ್ಪ ಮಣ್ಣಿನ ಕಡೆ. ಚೌಕ ಚೌಕ ಬ್ಲಾಕುಗಳು, ನಡುವೆ ಬೆರಳು ಹೋಗುವಷ್ಟು ಜಾಗ ಇದ್ದರೆ ಅದು ಬಟನ್ ಟೈರ್. ಕಾಂಟಿನೆಂಟಲ್ ಟಿಕೆಸಿ 80 ಇದಕ್ಕೆ ಒಳ್ಳೆ ಉದಾಹರಣೆ.

ಬ್ಲಾಕುಗಳ ಮೇಲೆ ಕೂದಲೆಳೆಯಂಥ ಸಣ್ಣ ಸೀಳುಗಳಿವೆಯೇ ಎಂದೂ ನೋಡಿ. ಒದ್ದೆ ಟಾರಿನಲ್ಲಿ ನೀರಿನ ಪದರ ಒಡೆಯಲು ಅವು ಸಹಾಯ ಮಾಡುತ್ತವೆ.

ನಿಮ್ಮ ಹಾಳೆಯಲ್ಲಿ ಮಣ್ಣು ನೂರಕ್ಕೆ ಹತ್ತರೊಳಗೆ ಇದ್ದರೆ 80/20 ಸಾಕು. ಹತ್ತರಿಂದ ಮೂವತ್ತು ಇದ್ದರೆ ನಡುವಿನ ಜಾತಿ. ಮೂವತ್ತು ದಾಟಿದರೆ ಮಾತ್ರ ಬಟನ್ ಟೈರಿನ ಯೋಚನೆ ಮಾಡಿ. ತೋಟದಲ್ಲೇ ವಾಸ ಇದ್ದು ದಿನಾ ಜೇಡಿ ಏರು ಹತ್ತಿಳಿಯುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರಿಗೆ ಬಟನ್ ಟೈರೇ ಸರಿ.

ಬಟನ್ ಟೈರ್ ಹಾಕಿಸುವವರು ಒಂದೆರಡು ವಿಷಯ ಮೊದಲೇ ತಿಳಿದಿರಲಿ. ಗಂಟೆಗೆ 60 ದಾಟಿದ ಮೇಲೆ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ, ಹೆದ್ದಾರಿ ಮುಗಿಯುವವರೆಗೂ ನಿಲ್ಲುವುದಿಲ್ಲ. ಬೇಸಿಗೆಯ ಬಿಸಿ ಟಾರಿನಲ್ಲಿ 90ರಲ್ಲಿ ಓಡಿಸಿದರೆ ಹಿಂದಿನ ಬ್ಲಾಕುಗಳು ಕಣ್ಣೆದುರೇ ಕರಗಿದ ಹಾಗೆ ಸವೆಯುತ್ತವೆ.

ಹಂತ 4: ಟೈರಿನ ಪಕ್ಕೆ ಓದುವುದು

ನನ್ನ ಹಿಮಾಲಯನ್‌ನ ಹಿಂದಿನ ಟೈರಿನ ಮೇಲೆ 120/90-17 M/C 64S ಎಂಬರ್ಥದ ಗುರುತು ಇದೆ. ಬಿಡಿಸಿ ನೋಡೋಣ. 120 ಅಂದರೆ ಅಗಲ, ಮಿಲಿಮೀಟರಿನಲ್ಲಿ. 90 ಅಂದರೆ ಎತ್ತರ ಆ ಅಗಲದ ನೂರಕ್ಕೆ ತೊಂಬತ್ತು, ಅಂದರೆ 108 ಮಿ.ಮೀ. 17 ರಿಮ್ಮಿನ ಇಂಚು. ಮುಂದಿನ ಎರಡಕ್ಷರ ಮೋಟಾರ್ ಸೈಕಲ್ಲಿನದು ಎಂದು ಹೇಳುತ್ತವೆ. 64 ಭಾರದ ಗುರುತು, ಆ ಟೈರ್ ಹೊರಬಲ್ಲದ್ದು 280 ಕೆ.ಜಿ. ಕೊನೆಯ ಎಸ್ ಅಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ. ಪಿ ಇದ್ದರೆ 150, ಕ್ಯೂ ಇದ್ದರೆ 160.

ಭಾರದ ಲೆಕ್ಕ ಒಮ್ಮೆ ಮಾಡಿ ನೋಡಿ. ಗಾಡಿ 199 ಕೆ.ಜಿ. ನಾನು 75, ಹಿಂದೆ ಕೂರುವ ಹೆಂಡತಿ 60, ಚೀಲಗಳು 25. ಒಟ್ಟು 359. ಅದರಲ್ಲಿ ಸುಮಾರು ಅರವತ್ತು ಪಾಲು ಹಿಂದಿನ ಚಕ್ರಕ್ಕೆ ಬಿತ್ತು ಅಂದುಕೊಂಡರೂ 215 ಕೆ.ಜಿ. 280ರೊಳಗೇ ಇದೆ, ಗುಂಡಿಗೆ ಬಿದ್ದಾಗಿನ ಹೊಡೆತಕ್ಕೂ ಸ್ವಲ್ಪ ಜಾಗ ಉಳಿಯಿತು. ಹೊಸ ಟೈರಿನ ಈ ಎರಡು ಗುರುತುಗಳು ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗೆ ಇರಬಾರದು. ಸಮ ಅಥವಾ ಮೇಲೆ ಇದ್ದರೆ ಸರಿ.

ಆಮೇಲೆ ತಯಾರಾದ ದಿನ. ಒಂದು ಉದ್ದುಂಡೆ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2324 ಅಂತ ಇದ್ದರೆ 2024ರ 23ನೇ ವಾರ. ಒಮ್ಮೆ ಸಂಜೆ ಅವಸರದಲ್ಲಿ ಒಂದು ಅಂಗಡಿಯಲ್ಲಿ ಟೈರ್ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ನಾಲ್ಕು ವರ್ಷ ಹಳೆಯದು. ಅದು ಒಂದು ದಿನವೂ ಮೆತ್ತಗಾಗಲಿಲ್ಲ. ಈಗ ಬಿಲ್ ಹಾಕಿಸುವ ಮುಂಚೆಯೇ ನೋಡುತ್ತೇನೆ, ಒಂದು ವರ್ಷ ದಾಟಿದ್ದರೆ ಬೇರೆ ಕೇಳುತ್ತೇನೆ. ಐಎಸ್‌ಐ ಮುದ್ರೆಯನ್ನೂ ಮರೆಯದೆ ನೋಡಿ.

ಹಂತ 5: ಅಳತೆ ಬದಲಾಯಿಸಬೇಕಾ?

ಸಾಧ್ಯವಾದಷ್ಟು ಬೇಡ. "ಸಾರ್, 130 ಹಾಕಿ, ಲುಕ್ ಬರುತ್ತೆ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. 120/90-17 ಬದಲು 130/80-17 ಹಾಕಿದರೆ ಏನಾಗುತ್ತದೆ ನೋಡಿ. ಎತ್ತರ 108 ಇದ್ದದ್ದು 104 ಆಯಿತು. ಇಡೀ ಚಕ್ರದ ವ್ಯಾಸ 648ರಿಂದ 640 ಮಿ.ಮೀ.ಗೆ ಇಳಿಯಿತು. ಇಷ್ಟು ವ್ಯತ್ಯಾಸ ಗಾಡಿ ತಡೆದುಕೊಳ್ಳಬಹುದು. ಆದರೆ ಅಗಲ 10 ಮಿ.ಮೀ. ಜಾಸ್ತಿಯಾಯಿತು. ಅದು ಚೈನಿಗೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ಅಳೆದೇ ತಿಳಿಯಬೇಕು. ಕೆಸರು ಮೆತ್ತಿಕೊಂಡಾಗ ಆ ಜಾಗ ಇನ್ನೂ ಕಮ್ಮಿಯಾಗುತ್ತದೆ. ವ್ಯಾಸದ ವ್ಯತ್ಯಾಸ ತುಂಬಾ ಆದರೆ, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್‌ಗೂ ತೊಂದರೆ, ಅದು ಮುಂದಿನ ಹಿಂದಿನ ಚಕ್ರಗಳ ವೇಗವನ್ನು ಹೋಲಿಸಿಕೊಂಡೇ ಕೆಲಸ ಮಾಡುವುದು.

ಟೈರಿನೊಳಗಿನ ನೂಲಿನ ಪದರ ಅಡ್ಡಕ್ಕೆ ನೇರವಾಗಿದ್ದರೆ ರೇಡಿಯಲ್, ಓರೆಯಾಗಿದ್ದರೆ ಬಯಾಸ್; ಎರಡನ್ನೂ ನಿಮ್ಮಷ್ಟಕ್ಕೆ ನೀವೇ ಬೆರೆಸಬೇಡಿ. ಹಿಮಾಲಯನ್ 450ರಲ್ಲಿ ಹಿಂದಿನದು 140/80 ಅಳತೆಯ 17 ಇಂಚಿನ ರೇಡಿಯಲ್. ಅದನ್ನು ಮುಂದಿನ ಟೈರಿನ ಜೊತೆ ಹೊಂದಿಸಿ ಪರೀಕ್ಷೆ ಮಾಡಿದ್ದು ತಯಾರಿಸಿದವರು. ಮುಂದೆ ಒಂದು ಕಂಪನಿ, ಹಿಂದೆ ಇನ್ನೊಂದು ಜಾತಿ ಎಂದು ನಾವು ಸೇರಿಸಿದರೆ ಆ ಪರೀಕ್ಷೆ ನಡೆಯುವುದು ನಮ್ಮ ಮೈಮೇಲೆ. ಜೋಡಿಯಾಗಿ ಮಾರುವ ಟೈರನ್ನು ಜೋಡಿಯಾಗಿಯೇ ಹಾಕಿಸಿ. ದುಡ್ಡು ಸಾಲದಿದ್ದರೆ ಒಳ್ಳೆಯದನ್ನು ಮುಂದಕ್ಕೆ ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಬಹಳ ಸಲ ಗಾಡಿ ಸುಧಾರಿಸಿಕೊಳ್ಳುತ್ತದೆ. ಮುಂದಿನದು ಜಾರಿದರೆ ಆ ಅವಕಾಶ ಸಿಗುವುದಿಲ್ಲ.

ಹಂತ 6: ಟ್ಯೂಬ್ ಇದೆಯೋ ಇಲ್ಲವೋ

ಹಿಮಾಲಯನ್ 411, ಹೀರೊ ಎಕ್ಸ್‌ಪಲ್ಸ್ 200 ಬೈಕುಗಳಲ್ಲಿ ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ನಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್. ಟ್ಯೂಬ್‌ಲೆಸ್ ಎಂದು ಬರೆದ ಟೈರನ್ನು ಟ್ಯೂಬ್ ಇರುವ ರಿಮ್ಮಿಗೆ ಹಾಕಿದರೂ ಒಳಗೆ ಟ್ಯೂಬ್ ಬೇಕೇ ಬೇಕು. ಪ್ರತಿ ಸಲ ಟೈರ್ ಬದಲಿಸುವಾಗ ಟ್ಯೂಬನ್ನೂ ಹೊಸದು ಹಾಕಿಸಿ. ಹಳೆಯ ಟ್ಯೂಬ್ ಹಿಗ್ಗಿ ಒಳಗೆ ಮಡಿಕೆ ಬಿದ್ದು ಕೊರೆದುಹೋಗಬಹುದು.

ದೂರದ ದಾರಿಗೆ 21 ಇಂಚಿನ ಮುಂದಿನ ಟ್ಯೂಬ್ ಒಂದನ್ನು ಇಟ್ಟುಕೊಂಡಿರಿ. ಎಕ್ಸ್‌ಪಲ್ಸಿನ 18 ಇಂಚಿನ ಹಿಂದಿನ ಚಕ್ರಕ್ಕೂ ಅದನ್ನು ತುರ್ತಿಗೆ ತೂರಿಸಿ, ನಿಧಾನವಾಗಿ ಮುಂದಿನ ಪಂಕ್ಚರ್ ಅಂಗಡಿ ಮುಟ್ಟಬಹುದು.

ಹಂತ 7: ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಟೀ ಕುಡಿದು ಬರುತ್ತೇನೆ ಎಂದು ಹೋಗಬೇಡಿ. ಪಕ್ಕದಲ್ಲೇ ನಿಲ್ಲಿ. "ಅಣ್ಣಾ, ಬಾಣ ಯಾವ ಕಡೆ ಇದೆ ಒಂದ್ಸಲ ನೋಡಿ" ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಕ್ಕೆಯ ಬಾಣ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಇರಬೇಕು. ಕೆಲವು ಟೈರುಗಳನ್ನು ಮುಂದೆಯೂ ಹಿಂದೆಯೂ ಹಾಕಬಹುದು, ಆಗ ಎರಡು ಬಾಣ ಇರುತ್ತವೆ, ಯಾವುದು ಯಾವ ಚಕ್ರಕ್ಕೆ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಟೈರಿನ ಮೇಲೆ ಬಣ್ಣದ ಚುಕ್ಕೆ ಇದ್ದರೆ ಅದು ಸಾಮಾನ್ಯವಾಗಿ ಹಗುರ ಜಾಗದ ಗುರುತು, ಗಾಳಿ ತುಂಬುವ ಮೂತಿಯ ನೇರಕ್ಕೆ ಬರಬೇಕು. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿನಲ್ಲಿ ಕಾಣುವ ಸಣ್ಣ ಗೆರೆ ಸುತ್ತಲೂ ಒಂದೇ ಸಮ ಇದೆಯಾ ನೋಡಿ. ಒಂದು ಕಡೆ ಒಳಗೆ ಹೋಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಸೋಪು ನೀರು ಸವರಿ ಮತ್ತೆ ತುಂಬಿಸಬೇಕು.

ಕೊನೆಗೆ ಚಕ್ರ ತಿರುಗಿಸಿ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎರಡು ಬೆರಳು ಆರಾಮಾಗಿ ಹೋಗಬೇಕು. ಎರೆ ಸೀಮೆಯವರು ಮೂರು ಬೆರಳು ಅಂದುಕೊಳ್ಳಿ.

ಹಂತ 8: ಗಾಳಿ

ಸರಿಯಾದ ಟೈರಿಗೆ ತಪ್ಪು ಗಾಳಿ ಹಾಕಿದರೆ ಖರ್ಚು ಮಾಡಿದ್ದು ವ್ಯರ್ಥ. ರಸ್ತೆಗೆ ಬೈಕಿನ ಕೈಪಿಡಿಯಲ್ಲಿ ಕೊಟ್ಟಷ್ಟೇ ಗಾಳಿ. ಬೆಳಗ್ಗೆ, ಟೈರ್ ತಣ್ಣಗಿರುವಾಗ ಅಳೆಯಿರಿ. ಮಣ್ಣಿಗೆ ಇಳಿಯುವ ಮುಂಚೆ ಸ್ವಲ್ಪ ಬಿಡಿ. ನಾನು ಒಬ್ಬನೇ ಇದ್ದಾಗ ಮುಂದೆ 25ರಿಂದ 20ಕ್ಕೆ, ಹಿಂದೆ 32ರಿಂದ 24 ಪಿಎಸ್‌ಐಗೆ ಇಳಿಸುತ್ತೇನೆ. ಟೈರ್ ಸ್ವಲ್ಪ ಹರಡಿಕೊಂಡು ಬೇರು, ಕಲ್ಲುಗಳನ್ನು ಅಪ್ಪಿಕೊಂಡು ಹೋಗುತ್ತದೆ. ಹ್ಯಾಂಡಲಿನಲ್ಲಿ ಆ ಬದಲಾವಣೆ ಮೊದಲ ಹತ್ತು ಮೀಟರಿನಲ್ಲೇ ಗೊತ್ತಾಗುತ್ತದೆ. ಸಾಧಾರಣ 80/20 ಟೈರ್ ಕೂಡ ಗಾಳಿ ಇಳಿಸಿದರೆ ಮಣ್ಣಿನಲ್ಲಿ ಎಷ್ಟು ಚೆನ್ನಾಗಿ ಹೋಗುತ್ತದೆ ಎಂದು ನೋಡಿದ ಮೇಲೆಯೇ ನಾನು ಬಟನ್ ಟೈರ್ ಬಿಟ್ಟದ್ದು.

ಟ್ಯೂಬ್ ಇರುವವರು 18ಕ್ಕಿಂತ ಕೆಳಗೆ ಹೋಗಬೇಡಿ. ಕಲ್ಲಿಗೆ ಹೊಡೆದಾಗ ಟ್ಯೂಬ್ ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ಮತ್ತೆ ಟಾರು ಹತ್ತಿದ ಕೂಡಲೇ ಗಾಳಿ ತುಂಬಲೇಬೇಕು. ಹಾಗಾಗಿ ಸಣ್ಣ ಪಂಪು, ಗಾಳಿ ಅಳೆಯುವ ಮೀಟರ್ ಎರಡೂ ಚೀಲದಲ್ಲಿ ಇರಲಿ.

ಟೈರಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಕಲಿಕೆಗೆ ಇಡಿ ಎಂದು ಮನಸಾರೆ ಹೇಳುತ್ತೇನೆ. 2015ರಲ್ಲಿ ಡಾಕರ್ ಎಂಬ ದೂರದ ಆಫ್‌ರೋಡ್ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಕಡೆ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದ್ದಾರೆ. ಅಂಥ ಜಾಗದಲ್ಲಿ ನಿಂತು ಓಡಿಸುವುದು, ಮಣ್ಣಿನಲ್ಲಿ ಬ್ರೇಕ್ ಹಿಡಿಯುವುದು ಕಲಿತರೆ ನಿಮ್ಮ ಈಗಿನ ಟೈರೇ ಸಾಕು ಅನಿಸಬಹುದು. ಸುಮ್ನೆ ಅಭ್ಯಾಸಕ್ಕೆಂದು ಕಾಡಿನ ಜೀಪ್ ದಾರಿಗೆ, ಬೇರೆಯವರ ತೋಟಕ್ಕೆ ಕೇಳದೆ ನುಗ್ಗುವುದು ಬೇಡ.

ಹಂತ 9: ಮೊದಲ 200 ಕಿಲೋಮೀಟರ್, ಆಮೇಲೆ ಪ್ರತಿ ಮೇ ತಿಂಗಳು

ಹೊಸ ಟೈರಿನ ಮೈ ನುಣುಪಾಗಿರುತ್ತದೆ. 200 ಕಿಲೋಮೀಟರ್ ಆಗುವವರೆಗೆ ಜೋರಾಗಿ ವಾಲಿಸಬೇಡಿ, ಗಟ್ಟಿಯಾಗಿ ಬ್ರೇಕ್ ಹಿಡಿಯಬೇಡಿ. ಜಾತಿ ಬದಲಾಯಿಸಿದ್ದರೆ ಗಾಡಿ ತಿರುಗುವ ರೀತಿಯೇ ಬೇರೆ ಅನಿಸುತ್ತದೆ, ಕೈಗೆ ಅಭ್ಯಾಸವಾಗಲು ಸಮಯ ಕೊಡಿ. ಸ್ಪೋಕ್ ಚಕ್ರವಾದರೆ ಮೊದಲ ಮಣ್ಣು ದಾರಿ ಮುಗಿಸಿ ಬಂದ ದಿನ ಒಂದೊಂದೇ ಸ್ಪೋಕನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲಾದದ್ದು ಮಂಕಾಗಿ ಟಕ್ ಅನ್ನುತ್ತದೆ.

ಸವೆತ ನೋಡುವುದಕ್ಕೆ ಗೀರುಗಳ ತಳದಲ್ಲಿ ಸಣ್ಣ ಉಬ್ಬು ಇರುತ್ತದೆ. ಪಕ್ಕೆಯ ಮೇಲಿನ ಸಣ್ಣ ತ್ರಿಕೋನದ ಗುರುತು ಅದರ ಜಾಗ ತೋರಿಸುತ್ತದೆ. ರಬ್ಬರ್ ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು. ನಾನು ಅಲ್ಲಿಯವರೆಗೂ ಕಾಯುವುದಿಲ್ಲ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ ಮುಂದಿನ ಟೈರಿನ ಬ್ಲಾಕುಗಳ ಮೇಲೆ ಅಂಗೈ ಸವರುತ್ತೇನೆ, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಒಂದು ದಿಕ್ಕಿನಲ್ಲಿ ನುಣ್ಣಗೆ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಾಗಿದರೆ ಬ್ಲಾಕುಗಳು ಓರೆಯಾಗಿ ಸವೆದಿವೆ ಎಂದು ಅರ್ಥ. ಆ ಟೈರ್ ನೋಡಲು ಇನ್ನೂ ದಪ್ಪ ಇದ್ದರೂ ನಮ್ಮೂರಿನ ಪಾಚಿ ಇಳಿಜಾರಿಗೆ ಅದನ್ನು ಕರೆದುಕೊಂಡು ಹೋಗುವುದಿಲ್ಲ, ಜೂನ್ ಮೊದಲ ವಾರದೊಳಗೆ ಬದಲಾಯಿಸುತ್ತೇನೆ.